ಕೆಮ್ಮಲಾರದವನ ಕಾಳಗ

ಆಮೆ ಗುಂಡ ವಾಲಿಕೊಂಡು ತೇಲುತ್ತಿದ್ದ. ಎಡಗಡೆ ನೀರಿನೊಳಗೆ, ಬಲಗಡೆಯ ಚಿಪ್ಪು ಮೇಲಕ್ಕೆ. ತಳಕ್ಕಿಳಿಯಲು ಕಾಲು ಬಡಿದ; ಆಗಲಿಲ್ಲ. ಮತ್ತೆ ಬಡಿದ. ಕತ್ತು ಉದ್ದಕ್ಕೆ ಚಾಚಿ, ಬಾಯಿ ಅಗಲಿಸಿ ಗಾಳಿ ಎಳೆದುಕೊಂಡ. ಮೂಗಿನ ಹೊಳ್ಳೆಯಲ್ಲಿ ಒಂದು ಗುಳ್ಳೆ ಉಬ್ಬಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು.

ಪಕ್ಕದ ಮನೆಯ ಹುಡುಗ "ಆಂಟಿ, ಬೇಗ ಬನ್ನಿ" ಎಂದು ನಮ್ಮ ಬಾಗಿಲು ಬಡಿದಾಗ ರಾತ್ರಿ ಹತ್ತು ದಾಟಿತ್ತು. ಬೆಂಗಳೂರಿನ ಡಿಸೆಂಬರ್ ಚಳಿ. ಅವರ ಮನೆಯ ತೊಟ್ಟಿಯೊಳಗೆ ಕೈ ಇಟ್ಟರೆ ಬೆರಳು ಜುಂ ಎಂದವು. ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು. ಹೀಟರಿನ ಕೆಂಪು ದೀಪ ಆರಿತ್ತು.

"ನೀರಲ್ಲಿ ಕರೆಂಟು ಯಾಕೆ ಅಂತ ನಾನೇ ಆರಿಸಿದ್ದೆ ಕಣಮ್ಮಾ," ಎಂದರು ಹುಡುಗನ ಅಜ್ಜಿ. "ಶೀತ ತಾನೆ? ಬಿಸಿನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಬಿಟ್ಟು ಹಬೆ ಕೊಡೋಣ."

"ಬೇಡ ಅಜ್ಜಿ! ಅದನ್ನ ತಡ್ಕೊಳ್ಳೋ ಶಕ್ತಿ ಇವನಿಗಿಲ್ಲ."

ನಮಗೆ ಶೀತವಾದರೆ ಕೆಮ್ಮಿ ಕಫ ಉಗಿಯುತ್ತೇವೆ. ಆಮೆಗೆ ಆ ದಾರಿಯೇ ಇಲ್ಲ. ಅದರ ಪಕ್ಕೆಲುಬುಗಳು ಚಿಪ್ಪಿಗೆ ಬೆಸೆದುಹೋಗಿವೆ. ಎದೆ ಉಬ್ಬುವುದಿಲ್ಲ, ಇಳಿಯುವುದಿಲ್ಲ. ನಮಗಿರುವಂಥ ವಪೆಯೂ ಇಲ್ಲ. ಸೂರಿಗೆ ತೂಗುಹಾಕಿದ ಚೀಲಗಳ ಹಾಗೆ ಶ್ವಾಸಕೋಶಗಳು ಬೆನ್ನಚಿಪ್ಪಿನಡಿ ಅಂಟಿಕೊಂಡಿರುತ್ತವೆ. ಹೊಟ್ಟೆಯ ಸ್ನಾಯು ಹಿಗ್ಗಿಸಿ, ಕುಗ್ಗಿಸಿ, ಕಾಲುಗಳನ್ನು ಒಳಕ್ಕೂ ಹೊರಕ್ಕೂ ಆಡಿಸಿ ಉಸಿರಾಡಬೇಕು. ಒಳಗೆ ಕಫ ಕಟ್ಟಿತೆಂದರೆ ಅದು ಅಲ್ಲೇ ಕೊಳೆಯುತ್ತದೆ. ತೇಲಲು, ಮುಳುಗಲು ತೂಕ ಸರಿದೂಗಿಸುವುದೂ ಆ ಶ್ವಾಸಕೋಶಗಳ ಗಾಳಿಯೇ. ಒಂದು ಕಡೆ ಗಾಳಿಯ ಜಾಗದಲ್ಲಿ ಕೀವು, ಲೋಳೆ ತುಂಬಿದರೆ ದೇಹ ಆ ಕಡೆಗೆ ವಾಲುತ್ತದೆ. ಹಾಗೆ ವಾಲುವ ಹೊತ್ತಿಗೆ ರೋಗ ಮೂಗು ದಾಟಿ ಬಹಳ ಒಳಗೆ ಇಳಿದಿರುತ್ತದೆ.

ಮಿಸಿಸಿಪ್ಪಿ ನದಿಯ ಸೀಮೆಯಿಂದ ಬಂದ ಕೆಂಪುಕಿವಿಯ ಈ ಆಮೆಗೆ ಮೈಯೊಳಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಾದರೆ ರಕ್ತದ ಕಾವಲುಪಡೆಯೂ ನಿದ್ದೆ ಹೋಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಕೋಟೆಬಾಗಿಲು ತೆರೆದಂತೆಯೇ.

ಮೊದಲು ನೀರು ಬಸಿದೆವು. ನಿಂತಲ್ಲೇ ಕತ್ತೆತ್ತಿದರೆ ಉಸಿರು ಸಿಗುವಷ್ಟು ಮಾತ್ರ ಉಳಿಸಿದೆವು. ಸೋತ ಆಮೆ ಆಳದ ನೀರಿನಲ್ಲಿ ಮುಳುಗಿಯೇ ಸಾಯಬಹುದು. ಹೀಟರ್ ಹಾಕಿದೆವು. "ಬಿಸಿನೀರು ಸುರಿದುಬಿಡ್ಲಾ ಆಂಟಿ?" ಎಂದು ಹುಡುಗ ಚಡಪಡಿಸಿದ. ಕೂಡದು! ಅಮೆರಿಕದ ಕೇಪ್ ಕಾಡ್ ಕಡಲತೀರದಲ್ಲಿ ಪ್ರತಿ ಚಳಿಗಾಲ ಮರಗಟ್ಟಿ ದಡ ಸೇರುವ ಕಡಲಾಮೆಗಳನ್ನು ಬದುಕಿಸುವವರು ಕೂಡ ದಿನಕ್ಕೆ ಕೆಲವೇ ಡಿಗ್ರಿಯಂತೆ ಬಿಸಿ ಏರಿಸುತ್ತಾರೆ. ಅವುಗಳಲ್ಲೂ ಎಷ್ಟಕ್ಕೋ ನ್ಯುಮೋನಿಯಾ ಇರುತ್ತದೆ.

20. 21. 22. ಮುಳ್ಳು ನಿಧಾನವಾಗಿ ಏರುತ್ತಿತ್ತು. ಅಷ್ಟರಲ್ಲಿ ಫಟ್ ಎಂದು ಕರೆಂಟು ಹೋಯಿತು.

ಕತ್ತಲೆ. ಕತ್ತಲೆಯಲ್ಲಿ ಗುಂಡನ ಉಸಿರು ಮಾತ್ರ, ಸಣ್ಣ ಸಿಳ್ಳೆಯಂತೆ. ಮೊಬೈಲ್ ಬೆಳಕಿನಲ್ಲಿ ಗ್ಯಾಸ್ ಹಚ್ಚಿ ನೀರು ಕಾಯಿಸಿದೆವು, ಬಾಟಲಿಗಳಿಗೆ ತುಂಬಿ, ಟವೆಲ್ ಸುತ್ತಿ ತೊಟ್ಟಿಯ ಸುತ್ತ ಜೋಡಿಸಿದೆವು. ಅಜ್ಜಿ ತಮ್ಮ ಶಾಲನ್ನೇ ಮೇಲೆ ಹೊದಿಸಿದರು. ಬಾಟಲಿ ಆರಿದಂತೆಲ್ಲ ಬದಲಾಯಿಸಿದವರೂ ಅವರೇ. ಬೆಳಗಿನ ಜಾವ ದೀಪ ಬಂತು. ಗುಂಡ ಇನ್ನೂ ಬಾಯಿ ತೆರೆದೇ ಇದ್ದ, ಆದರೆ ಇದ್ದ.

ಹತ್ತಿರದ ಕ್ಲಿನಿಕ್ಕಿನಲ್ಲಿ "ನಾಯಿ, ಬೆಕ್ಕು ಮಾತ್ರ ನೋಡ್ತೀವಿ" ಎಂದರು. ಮತ್ತೆ ಆಟೊ. ಗಾಳಿತೂತುಗಳ ಡಬ್ಬಿ, ಒದ್ದೆ ಬಟ್ಟೆ, ಪಕ್ಕದಲ್ಲಿ ಬೆಚ್ಚನೆ ಬಾಟಲಿ. ಸಿಗ್ನಲ್‌ಗಳು ಮುಗಿಯುತ್ತಲೇ ಇರಲಿಲ್ಲ. ಪ್ರತಿ ಸಿಗ್ನಲ್‌ನಲ್ಲೂ ಹುಡುಗ ಮುಚ್ಚಳ ಸರಿಸಿ ನೋಡಿದ.

ಸರೀಸೃಪಗಳನ್ನು ಬಲ್ಲ ವೈದ್ಯೆ ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ ಗಾಳಿ ತುಂಬಿದರೂ ಆಮೆ ವಾಲಬಹುದು. ಹಾಗಾಗಿ ಚಿತ್ರ ನೋಡದೆ ತೀರ್ಮಾನ ಬೇಡ ಎಂಬುದು ಅವರ ಹಟ. ಚಿತ್ರದಲ್ಲಿ ಬಲ ಶ್ವಾಸಕೋಶ ಕಪ್ಪಗಿತ್ತು, ಗಾಳಿ ತುಂಬಿದ ಲಕ್ಷಣ. ಎಡಗಡೆ ಬಿಳಿ ಮಬ್ಬು. ನ್ಯುಮೋನಿಯಾ. ಊದಿದ ರೆಪ್ಪೆ ನೋಡಿ "ಊಟ ಏನು?" ಎಂದರು. ಒಣ ಸೀಗಡಿ, ಬರೀ ಒಣ ಸೀಗಡಿ. ಎ ಜೀವಸತ್ವ ಕೊರೆಬಿದ್ದರೆ ಕಣ್ಣು ಊದುತ್ತದೆ, ಉಸಿರುದಾರಿಯ ಒಳಪದರ ಕೆಡುತ್ತದೆ, ಸೋಂಕಿಗೆ ನೆಲೆ ಸಿಗುತ್ತದೆ. ಹಾಗೆಂದು ಆ ಜೀವಸತ್ವವನ್ನು ನಾವೇ ಚುಚ್ಚುವ ಹಾಗಿಲ್ಲ. ಹೆಚ್ಚಾದರೆ ಚರ್ಮವೇ ಸುಲಿದು ಬರುತ್ತದೆ.

ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯೋಟಿಕ್ ಬರೆದರು. ಕಿಲೋ ತೂಕಕ್ಕೆ 20 ಮಿಲಿಗ್ರಾಂ ಲೆಕ್ಕ. 400 ಗ್ರಾಮಿನ ಗುಂಡನಿಗೆ ಬರೀ 8. ಆಮೆಯ ದೇಹದಲ್ಲಿ ಔಷಧ ನಿಧಾನವಾಗಿ ಕರಗುವುದರಿಂದ 72 ಗಂಟೆಗೊಮ್ಮೆ ಸಾಕು. ಸೂಜಿ ಮುಂಗಾಲಿಗೆ, ಹಿಂಗಾಲಿನ ರಕ್ತ ನೇರ ಮೂತ್ರಪಿಂಡದ ಕಡೆ ಹಾಯುತ್ತದೆ ಎಂಬ ಎಚ್ಚರ. "ನೀರು 28ರಲ್ಲಿ ಇರಲಿ, ಬಿಸಿಲುಕಲ್ಲಿನ ಮೇಲೆ 32 ದಾಟಿರಲಿ. ತಣ್ಣನೆ ಮೈಯಲ್ಲಿ ನನ್ನ ಸೂಜಿ ದಂಡ," ಎಂದರು.

ಎರಡನೆಯ ಸೂಜಿಯ ನಂತರ ಗುಂಡ ಇನ್ನೂ ಕುಸಿದ. ಕತ್ತು ಹೊರಗೇ ಬರಲಿಲ್ಲ. ಹುಡುಗ ಊಟ ಬಿಟ್ಟ. ದಿನಕ್ಕೆರಡು ಸಲ ಔಷಧದ ಮಂಜು ಕೊಡಿಸಿದೆವು, ನೆಬ್ಯುಲೈಸರಿನಿಂದ, ಮುಚ್ಚಿದ ಡಬ್ಬಿಯಲ್ಲಿ. ಉಳಿದ ಹೊತ್ತು ದೀಪದಡಿ ಬೆಚ್ಚಗೆ. ನೀರು ಕುಡಿಯಲು ಸ್ವಲ್ಪ ಹೊತ್ತು ಮಾತ್ರ ಬೆಚ್ಚಗಿನ ನೀರಿನ ತೊಟ್ಟಿ. ಮುಟ್ಟಿದಾಗಲೆಲ್ಲ ಸೋಪಿನಲ್ಲಿ ಕೈ ತೊಳೆದೆವು. ಆಮೆಗಳು ಸಾಲ್ಮೊನೆಲ್ಲಾ ಹೊರುತ್ತವೆ. 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ಅಮೆರಿಕ 1975ರಲ್ಲೇ ನಿಷೇಧಿಸಿದ್ದು ಮಕ್ಕಳಿಗೆ ಅದು ಹರಡಿದ್ದರಿಂದ.

ಒಂದು ಮಧ್ಯಾಹ್ನ ಹುಡುಗ ಕೂಗಿದ. ಓಡಿದೆ. ಗುಂಡನ ಬಾಯಿ ಮುಚ್ಚಿತ್ತು! ಮೂಗು ಒಣಗಿತ್ತು. ತುರಿದ ಗಜ್ಜರಿಯ ಎಳೆಯೊಂದನ್ನು ಹಿಡಿದು ಜಗ್ಗುತ್ತಿದ್ದ. ತೊಟ್ಟಿಗೆ ಬಿಟ್ಟೆವು. ಎಡಕ್ಕೆ ತುಸು ವಾಲಿದ, ಸಾವರಿಸಿಕೊಂಡ, ತಳಕ್ಕೆ ಧುಮುಕಿದ.

ಸೂಜಿಗಳು ಮುಗಿಯುವ ತನಕ ನಿಲ್ಲಿಸಲಿಲ್ಲ. ಚುರುಕಾದ ಕೂಡಲೇ ಔಷಧ ಬಿಟ್ಟವರ ಮನೆಯಲ್ಲಿ ಈ ರೋಗ ಮರುಕಳಿಸುತ್ತದೆ ಎಂದು ವೈದ್ಯೆ ಗದರಿದ್ದರು. ಬೇಸತ್ತು ಕೆರೆಗೆ ಬಿಡುವ ಮಾತಂತೂ ಬೇಡ. ಪರದೇಶದ ಈ ಆಮೆ ನಮ್ಮ ಕೆರೆಯಾಮೆಗಳ ಅನ್ನ ಕಸಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥವನಿದ್ದರೆ ಇವತ್ತೇ ತೊಟ್ಟಿಗೊಂದು ಥರ್ಮಾಮೀಟರ್ ಹಾಕಿ, ಆಮೆ ನೋಡುವ ವೈದ್ಯರ ನಂಬರನ್ನು ಈಗಲೇ ಬರೆದಿಟ್ಟುಕೊಳ್ಳಿ.