ಚಿನ್ನದ ಗಣಿಯ ದೂಳು

ಯಂತ್ರಕ್ಕೆ ಸಿಕ್ಕಿ ಕಾರ್ಮಿಕನ ಬೆರಳು ತುಂಡಾದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾವ ದಿನ, ಯಾವ ವೇಳೆ ಎಂಬುದೂ ಗೊತ್ತಿರುತ್ತದೆ. ಇಂಥ ನಷ್ಟಗಳಿಗೆ 1923ರ ಕಾರ್ಮಿಕರ ಪರಿಹಾರ ಕಾಯಿದೆಯಲ್ಲಿ ಒಂದು ಪಟ್ಟಿಯೇ ಇತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ 30ರಷ್ಟು ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ 14. ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ, ನಿಜ. ಆದರೆ ಹೀಗೊಂದು ಲೆಕ್ಕವಿರುವುದರಿಂದಲೇ ಬಡವನ ಕೈಗೆ ಒಂದಿಷ್ಟು ಹಣ ಸೇರುತ್ತದೆ.

ಉಸಿರಿನ ನಷ್ಟವನ್ನು ಅಳೆಯುವುದು ಅಷ್ಟು ಸುಲಭವಲ್ಲ. ಇದಕ್ಕೆ ನಮ್ಮ ಕೋಲಾರದ ಚಿನ್ನದ ಗಣಿಯೇ ಉದಾಹರಣೆ. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲೆಂದರೆ ಸಿಲಿಕಾ. ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಆ ಕಲ್ಲನ್ನು ಕೊರೆದು, ಸಿಡಿಸಿ ಮೇಲೆ ತಂದರು. ಕೊರೆದಾಗ ಎದ್ದ ದೂಳು ಕೊರೆದವನ ಎದೆಯೊಳಕ್ಕೆ ಹೋಯಿತು.

ದಪ್ಪ ದೂಳನ್ನು ಮೂಗು, ಗಂಟಲುಗಳೇ ತಡೆಯುತ್ತವೆ. ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಸಣ್ಣ ಕಣಗಳಾದರೋ ಶ್ವಾಸಕೋಶದ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಅಲ್ಲಿ ಕಾವಲಿರುವ ಜೀವಕೋಶಗಳು ಸಿಲಿಕಾ ಕಣವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಹೀಗೆ ನಡೆದು ನಡೆದು ಮೆತ್ತನೆಯ ಶ್ವಾಸಕೋಶದಲ್ಲಿ ಗಟ್ಟಿ ಗಂಟುಗಳು ಏಳುತ್ತವೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ತಿ ವಾಸಿಮಾಡುವ ಮದ್ದಿಲ್ಲ. ಕ್ಷಯವೂ ಸುಲಭವಾಗಿ ಜೊತೆಗೂಡುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯಬಲ್ಲದು.

ಕಾನೂನಿಗೆ ತೊಡಕಾದದ್ದು ಇಲ್ಲಿಯೇ. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷಗಳ ನಂತರ ಕಾಣಿಸುವ ಕೆಮ್ಮಿಗೆ ಯಾವ ದಿನದ ದೂಳನ್ನು ಹೊಣೆ ಮಾಡುವುದು? ಬೀಡಿಯ ಕೆಮ್ಮು ಎಂದೋ, ಬರೀ ಕ್ಷಯ ಎಂದೋ ತಳ್ಳಿಹಾಕುವುದು ಸುಲಭ. ಇದಕ್ಕೆ ಪರಿಹಾರವಾಗಿ ಬಂದದ್ದು ವೃತ್ತಿರೋಗಗಳ ಪಟ್ಟಿ. ರೋಗ ಪಟ್ಟಿಯಲ್ಲಿದ್ದು, ಅದಕ್ಕೆ ಹೇಳಿದ ಕೆಲಸವನ್ನು ನಿಗದಿಯಾದಷ್ಟು ಕಾಲ ಮಾಡಿದ್ದರೆ, ಕೆಲಸದಿಂದಲೇ ರೋಗ ಬಂತೆಂದು ಕಾನೂನು ಭಾವಿಸುತ್ತದೆ. ಮೈಸೂರು ಸಂಸ್ಥಾನವು 1940ರಲ್ಲೇ ಸಿಲಿಕೋಸಿಸ್‌ಗಾಗಿ ಪ್ರತ್ಯೇಕ ನಿಯಮಗಳನ್ನು ಮಾಡಿತ್ತು. 1923ರ ಕಾಯಿದೆಯ ವಿಷಯಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ವೃತ್ತಿರೋಗಗಳ ಪಟ್ಟಿ ಅಲ್ಲಿಯೂ ಇದೆ.

2001ರ ಫೆಬ್ರುವರಿ 28ರಂದು ಕೋಲಾರದ ಗಣಿ ಮುಚ್ಚಿತು. ಆದರೆ ಸಿಲಿಕಾ ದೂಳು ಬೇರೆ ಕಡೆ ಇದ್ದೇ ಇದೆ. ಜಲ್ಲಿ ಕ್ರಷರುಗಳಲ್ಲಿ, ಕಲ್ಲು ಕೊರೆಯುವಲ್ಲಿ, ಗಾಜಿನ ಕಾರ್ಖಾನೆಗಳಲ್ಲಿ ಅದು ಏಳುತ್ತದೆ. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಶಾಲಾ ಮಕ್ಕಳ ಸ್ಲೇಟಿನ ಕಡ್ಡಿ ಕೊಯ್ಯುತ್ತಿದ್ದವರಿಗೂ ಇದೇ ರೋಗ ತಗುಲಿತು. ಮಗು ಅಕ್ಷರ ತಿದ್ದಿದ ಕಡ್ಡಿಯ ಹಿಂದೆ ಯಾರದೋ ಉಸಿರಿತ್ತು.

ನೀರು ಹಾಯಿಸಿ ಕೊರೆದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಖರ್ಚಿಗಿಂತ ಹೆಚ್ಚಾಗಿ ಅದಕ್ಕೆ ಬೇಕಾದದ್ದು ಮನಸ್ಸು. ಪರಿಹಾರ ಸಿಗಬೇಕಾದರೆ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ಗುತ್ತಿಗೆಯ ಕೂಲಿಯ ಹೆಸರು ಎಷ್ಟೋ ಸಲ ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಆದ್ದರಿಂದ ದೂಳಿನಲ್ಲಿ ದುಡಿಯುವ ತಂದೆ ತಾಯಿ ಇರುವ ಮನೆಯಲ್ಲಿ ಓದು ಬಲ್ಲ ಮಕ್ಕಳು ಒಂದು ಕೆಲಸ ಮಾಡಬಹುದು. ಸಂಬಳದ ಚೀಟಿ, ಗುರುತಿನ ಚೀಟಿ, ಎದೆಯ ಎಕ್ಸ್-ರೇ, ವೈದ್ಯರ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಲಿ. ದೂಳಿನಲ್ಲಿ ಕೆಲಸವೆಂದು ವೈದ್ಯರಿಗೆ ಮೊದಲೇ ತಿಳಿಸಲಿ. ಎಂದೋ ಒಂದು ದಿನ ಆ ಕಾಗದಗಳೇ ಮನೆಯವರಿಗೆ ಆಧಾರವಾಗಬಹುದು.