ಬೂದಿಯ ತಾರೀಕು

ಘಾಟ್ಕೋಪರಿನಲ್ಲಿ ಗುಡ್ಡದ ಮಗ್ಗುಲಿಗೆ ಬಿಡಾರ ಮಾಡಿಕೊಂಡಿರುವ ನಮ್ಮಂಥವರಿಗೆ ಕರಿಗಲ್ಲು ಹೊಸದೇನಲ್ಲ. ಈ ಕಲ್ಲೆಲ್ಲ ಒಂದು ಕಾಲಕ್ಕೆ ಭೂಮಿ ಕಾರಿದ ಲಾವಾ. 6 ಕೋಟಿ ವರ್ಷಕ್ಕೂ ಹಿಂದಿನದು. ಇದನ್ನು ಮನೆಯಲ್ಲಿ ಹೇಳಿದರೆ, "ಅಪ್ಪಾ, ಕಲ್ಲಿನ ಮೇಲೆ ತಾರೀಕು ಬರೆದಿದೆಯೇ?" ಎಂದು ಮಕ್ಕಳು ಕೇಳಿದರು. ಗುಮಾಸ್ತನಿಗೆ ತಕ್ಕ ಪ್ರಶ್ನೆಯೇ!

ಕಡತದಲ್ಲಿ ತಾರೀಕಿಲ್ಲದ ಕಾಗದ ಸಿಕ್ಕರೆ ನಾವು ಅದರ ಕೆಳಗಿನ, ಮೇಲಿನ ಕಾಗದಗಳನ್ನು ನೋಡುತ್ತೇವೆ. ಆವಕದ ಮೊಹರನ್ನು ಹುಡುಕುತ್ತೇವೆ. ಭೂಮಿಯ ಕಡತಕ್ಕೆ ಜ್ವಾಲಾಮುಖಿಯ ಬೂದಿಯೇ ಅಂಥ ಮೊಹರು. ಗಾಳಿಗೆ ಹಾರಿ ಸಾವಿರಾರು ಮೈಲಿ ಆಚೆ ಬಿದ್ದರೂ ಅದರ ಗಾಜಿನ ಕಣಗಳ ರಸಾಯನ ನೋಡಿ ಯಾವ ಬೆಟ್ಟದ್ದೆಂದು ಹೇಳಬಲ್ಲರು. ವಯಸ್ಸಿನ ಲೆಕ್ಕ ಇನ್ನೂ ಸೊಗಸು. ಬೂದಿಯೊಡನೆ ಬಂದ ಹರಳುಗಳಲ್ಲಿ ಪೊಟ್ಯಾಸಿಯಂ ಉಂಟು. ಅದರ ಒಂದು ಅಂಶ ಬಲು ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಬೆಟ್ಟ ಸಿಡಿದಾಗಿನ ಕಾವಿಗೆ ಹಳೆಯ ಆರ್ಗಾನ್ ಹೊರಟುಹೋಗಿ, ಹರಳು ಆರಿದಂದಿನಿಂದ ಹೊಸ ಜಮೆ ಆರಂಭ. ಜಮೆಯನ್ನು ಅಳೆದರೆ ವಯಸ್ಸು ಸಿಕ್ಕಿತು.

ಸುಮಾತ್ರದ ತೋಬಾ ಸುಮಾರು 74,000 ವರ್ಷದ ಹಿಂದೆ ಸಿಡಿಯಿತೆಂದು ಗೊತ್ತಾದದ್ದು ಹೀಗೆ. ಅದರ ಬೂದಿ ನಮ್ಮ ದೇಶದ ಮೇಲೂ ಸುರಿಯಿತು. ನಮಗೆ ಸಮೀಪದ ಪುಣೆ ಜಿಲ್ಲೆಯಲ್ಲಿ, ಕುಕಡಿ ನದಿಯ ದಂಡೆಯ ಬೋರಿಯಲ್ಲೂ ತೋಬಾದ ಬೂದಿ ಇದೆ. ಜೊತೆಗೆ ಆದಿಮಾನವನ ಕಲ್ಲಿನ ಹತಾರಗಳೂ ಇವೆ. ಆದರೆ ತೋಬಾ ಸುಮಾರು 8 ಲಕ್ಷ ವರ್ಷದ ಹಿಂದೆಯೂ ಒಮ್ಮೆ ಸಿಡಿದಿತ್ತು. ಬೋರಿಯ ಬೂದಿ ಯಾವ ಸಲದ್ದು? ಪಂಡಿತರಲ್ಲಿ ವ್ಯಾಜ್ಯ ನಡೆದಿದೆ. ಕಚೇರಿಯ ಮೊಹರು ಸ್ಪಷ್ಟ, ತಾರೀಕು ಮಾತ್ರ ಮಸುಕು. ಅಂತರವೋ ಹತ್ತು ಪಟ್ಟು!

ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ (ಹೆಸರು ಎಷ್ಟು ಒಪ್ಪುತ್ತದೆ ನೋಡಿ) ಬೂದಿಯ ಪದರ ಆಳೆತ್ತರವನ್ನೂ ಮೀರಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಅಲ್ಲಿ ಅಗೆದು, ಕಂಡದ್ದನ್ನು 2007ರಲ್ಲಿ ಪ್ರಕಟಿಸಿದರು. ಬೂದಿಯ ಕೆಳಗೂ ಕಲ್ಲಿನ ಹತಾರಗಳು, ಮೇಲೂ ಹತಾರಗಳು; ಎರಡೂ ಹೆಚ್ಚುಕಡಮೆ ಒಂದೇ ಕಸುಬಿನವು. ತೋಬಾದಿಂದ ಮನುಷ್ಯಕುಲವೇ ಅಳಿವಿನ ಅಂಚಿಗೆ ಬಂದಿತ್ತೆಂದು ವಾದಿಸುವವರುಂಟು. ಅಲ್ಲಿಯ ಜನ ಮಾತ್ರ ಬೂದಿ ಕೊಡವಿಕೊಂಡು ಮತ್ತೆ ಕಲ್ಲು ಕೆತ್ತಲು ಕುಳಿತಂತೆ ತೋರುತ್ತದೆ.

ಅದೇ ಬೂದಿಯನ್ನು ಪಾತ್ರೆ ತಿಕ್ಕುವ ಪುಡಿಗೆಂದು ಅಗೆದು ಸಾಗಿಸಿದ್ದೂ ಉಂಟು. ಹೊಟ್ಟೆಪಾಡಿನ ಕೆಲಸ, ಬೈಯುವಂತಿಲ್ಲ. ಆದರೂ ಕಡತದಿಂದ ಮೊಹರಿನ ಹಾಳೆಯನ್ನೇ ಕಿತ್ತಂತೆ ನಮಗೆ ಕಳವಳವಾಗುತ್ತದೆ. ಅದು ಹೋದ ಮೇಲೆ ಮೇಲಿನ ಹತಾರವೆಂದಿನದು, ಕೆಳಗಿನದೆಂದಿನದು ಎಂದು ಯಾರನ್ನು ಕೇಳುವುದು?