ಆರ್ಕುಟ್‌ನಲ್ಲಿ ಆಡಿದ ಮಾತು ಎಲ್ಲಿ ಹೋಯಿತು

ಆರ್ಕುಟ್‌ನಲ್ಲಿ ಇಬ್ಬರ ಮಾತುಕತೆ ಪೂರ್ತಿ ಓದಬೇಕಾದರೆ ಇಬ್ಬರ ಪುಟದ ಸ್ಕ್ರಾಪ್‌ಬುಕ್ಕನ್ನೂ, ಅಂದರೆ ಬೇರೆಯವರು ಬಂದು ಸಂದೇಶ ಬರೆಯುವ ಜಾಗವನ್ನು, ತೆರೆದುಕೊಳ್ಳಬೇಕಿತ್ತು. ನಾನು ಕೇಳಿದ್ದು ಗೆಳೆಯನ ಪುಟದಲ್ಲಿ, ಅವನು ಹೇಳಿದ್ದು ನನ್ನ ಪುಟದಲ್ಲಿ. ಮೊದಮೊದಲು ಅದಕ್ಕೆ ಬೀಗವೂ ಇರಲಿಲ್ಲ. ಖಾತೆ ಇದ್ದ ಯಾರು ಬೇಕಾದರೂ ಓದಬಹುದಿತ್ತು, ಓದುತ್ತಲೂ ಇದ್ದರು. ಕ್ಯಾಂಪಸ್ ಇಂಟರ್‌ವ್ಯೂ, ಹಾಸ್ಟೆಲಿನ ಬಾಕಿ, ಊರ ಜಾತ್ರೆಗೆ ಯಾವ ಬಸ್ಸಿಗೆ ಹೊರಡುವುದು, ಎಲ್ಲವೂ ಅಲ್ಲೇ. ಗುಟ್ಟಿನ ಮಾತಿಗೂ ಜನ ದಾರಿ ಕಂಡುಕೊಂಡಿದ್ದರು. ಟೆಸ್ಟಿಮೋನಿಯಲ್ ಬರೆದರೆ, ಪಡೆದವರು ಒಪ್ಪಿದ ಮೇಲಷ್ಟೇ ಅದು ಪುಟದಲ್ಲಿ ಕಾಣುತ್ತಿತ್ತು. ಹೇಳಬೇಕಾದ್ದನ್ನೆಲ್ಲ ಅದರಲ್ಲಿ ಬರೆದು, ಕೊನೆಗೆ ‘ಆಕ್ಸೆಪ್ಟ್ ಮಾಡ್ಬೇಡ ಮಾರಾಯ’ ಎಂದು ಸೇರಿಸಿದರೆ ಆಯಿತು.

ಟರ್ಕಿಯಲ್ಲಿ ಹುಟ್ಟಿದ, ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಆರ್ಕುಟ್ ಬುಯುಕ್‌ಕೊಕ್ಟೆನ್ ಕಟ್ಟಿದ ತಾಣ ಅದು. 2004ರ ಜನವರಿಯಲ್ಲಿ ಶುರುವಾದಾಗ ಒಳಗಿದ್ದವರು ಕರೆದರಷ್ಟೇ ಪ್ರವೇಶ. ಅಮೆರಿಕದಲ್ಲಿ ಕಟ್ಟಿದ್ದನ್ನು ತಮ್ಮದೆಂದು ತುಂಬಿಕೊಂಡವರು ಬ್ರೆಜಿಲ್‌ನವರು ಮತ್ತು ನಾವು. ಒಬ್ಬರಿಗೆ 12 ಫೋಟೊ ಹಾಕಲು ಜಾಗವಿದ್ದ ಕಾಲವೊಂದಿತ್ತು. ಆ 12ನ್ನು ಆರಿಸುವುದಕ್ಕೆ ತೆಗೆದುಕೊಳ್ಳುತ್ತಿದ್ದ ಸಮಯವನ್ನು ಇವತ್ತು 12,000 ಫೋಟೊ ತುಂಬಿದ ಫೋನಿನವರಿಗೆ ವಿವರಿಸುವುದು ಕಷ್ಟ.

ನನಗೆ ಮುಖ್ಯವಾಗಿದ್ದುದು ಪ್ರೊಫೈಲ್ ಅಲ್ಲ, ಕಮ್ಯೂನಿಟಿ. ಊರಿಗೊಂದು, ಕಾಲೇಜಿಗೊಂದು, ರಾಜ್‌ಕುಮಾರ್‌ಗೆ ಹಲವು, ಕುವೆಂಪು, ಚಾರಣ, ಬೆಣ್ಣೆ ದೋಸೆ. ಹಾಸನದ ಸೈಬರ್ ಸೆಂಟರಿನಲ್ಲಿ ರಿಜಿಸ್ಟರಿಗೆ ಹೆಸರು, ವಿಳಾಸ ಬರೆದು ಕುಳಿತವನಿಗೆ ಕ್ಯಾಲಿಫೋರ್ನಿಯಾದಲ್ಲಿದ್ದ ತೀರ್ಥಹಳ್ಳಿಯವರೊಬ್ಬರು ಉತ್ತರ ಕೊಡುತ್ತಿದ್ದರು. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ದುಃಖ ಹೇಳಿಕೊಳ್ಳಲು ಹೋದದ್ದು ಅಲ್ಲಿಗೆ. ಆ ವರ್ಷದ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ಸಿನಿಮಾವನ್ನು ಎಳೆಎಳೆಯಾಗಿ ಬಿಡಿಸಿ ಜಗಳವಾಡಿದ್ದೂ ಅಲ್ಲೇ.

ಬರೆಯುತ್ತಿದ್ದುದು ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷಿನದು. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ನೆಟ್ಟಗೆ ಕಾಣಲು ಅದರ ಸಿ.ಡಿ. ಹಾಕಿ ಒಂದು ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಬೇಕಿತ್ತು. ಸೈಬರ್ ಸೆಂಟರಿನವರು ಅದಕ್ಕೆಲ್ಲ ಬಿಡುತ್ತಿರಲಿಲ್ಲ. ‘ಬರಹ’ ತಂತ್ರಾಂಶ ಇದ್ದವರು ಮನೆಯಿಂದ ಕನ್ನಡದಲ್ಲಿ ಬರೆದರೆ ನಮಗೆ ಸಾಲುಗಟ್ಟಿದ ಖಾಲಿ ಚೌಕಗಳು. ಮುಂದೆ ಸ್ಕ್ರಾಪ್‌ಬುಕ್ಕಿನಲ್ಲೇ ಕನ್ನಡ ಮೂಡಿಸುವ ಸೌಲಭ್ಯ ಬಂತು. ಅಷ್ಟರೊಳಗೆ ಅವಸರದ, ಆಡುಮಾತಿನ, ಮಂಡ್ಯದ್ದು ಮಂಡ್ಯದ ಹಾಗೆ, ಧಾರವಾಡದ್ದು ಧಾರವಾಡದ ಹಾಗೆ ಇದ್ದ ಬರವಣಿಗೆಯೊಂದು ರಾಶಿರಾಶಿಯಾಗಿ ಬೆಳೆದಿತ್ತು. ಯಾವ ಸಂಪಾದಕರೂ ತಿದ್ದದ ಕನ್ನಡ ಅದು.

ಆರ್ಕುಟ್ ಅನ್ನು ಸ್ವರ್ಗವೆಂದು ನೆನೆಯುವವರ ಜೊತೆ ನಾನಿಲ್ಲ. ಹೆಣ್ಣುಮಕ್ಕಳ ಫೋಟೊ ಕದ್ದು ನಕಲಿ ಪ್ರೊಫೈಲ್ ಮಾಡುವುದು ಆಗಲೇ ಶುರುವಾಗಿತ್ತು. ನನ್ನ ತರಗತಿಯ ಹುಡುಗಿಯರು ತಮ್ಮ ಮುಖದ ಜಾಗದಲ್ಲಿ ಗುಲಾಬಿ ಹೂವು, ಕರಡಿ ಗೊಂಬೆ ಇಟ್ಟುಕೊಂಡದ್ದು ಚಂದಕ್ಕಲ್ಲ, ಹೆದರಿಕೆಗೆ. ಗುರುತಿಲ್ಲದವರ ಸ್ಕ್ರಾಪ್‌ಗಳ ಕಾಟ ತಾಳಲಾರದೆ ಖಾತೆಯನ್ನೇ ಅಳಿಸಿದವರಿದ್ದರು. ಜಾತಿಯ ಹೆಸರಿನ ಕಮ್ಯೂನಿಟಿಗಳಿದ್ದವು, ಅವುಗಳಲ್ಲಿ ಬರೆದದ್ದನ್ನು ಇಲ್ಲಿ ಮತ್ತೆ ಬರೆಯಲಾರೆ.

ಆದರೂ ಇಂದಿನ ತಾಣಗಳಿಗೂ ಅದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ವಿಷಯವೇ ವಿಳಾಸವಾಗಿತ್ತು. ಆಗುಂಬೆ ಚಾರಣದ ಬಗ್ಗೆ ತಿಳಿಯಬೇಕೆಂದರೆ ಅದರ ಕಮ್ಯೂನಿಟಿಗೆ ಹೋಗಿ ಹಳೆಯ ಚರ್ಚೆ ಹುಡುಕಬಹುದಿತ್ತು. ವರ್ಷದ ಹಿಂದಿನ ಪ್ರಶ್ನೆಗೆ ಯಾರೋ ಹೊಸಬರು ಉತ್ತರ ಬರೆದರೆ ಆ ಚರ್ಚೆ ಮತ್ತೆ ಪಟ್ಟಿಯ ಮೇಲಕ್ಕೆ ಬರುತ್ತಿತ್ತು. 2010ರ ಹೊತ್ತಿಗೆ ಜನ ಫೇಸ್‌ಬುಕ್‌ಗೆ ಹೊರಟರು, ನಾನೂ ಹೊರಟೆ. ಅಲ್ಲಿ ನಾವು ಹುಡುಕಿಕೊಂಡು ಹೋಗುವುದು ಕಡಿಮೆ. ಏನು ಕಾಣಬೇಕೆಂದು ಬೇರೆ ಯಾರೋ ತೀರ್ಮಾನಿಸುತ್ತಾರೆ. ಈಗ ಊರಿನ ಮಾತೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಕೆರೆ ಒತ್ತುವರಿಯ ಬಗ್ಗೆ ಹಿರಿಯರೊಬ್ಬರು ಸರ್ವೆ ನಂಬರ್ ಸಮೇತ ಬರೆದ ಟಿಪ್ಪಣಿ ಸಂಜೆಯೊಳಗೆ ಶುಭೋದಯದ ಚಿತ್ರಗಳಡಿ ಹೂತುಹೋಗುತ್ತದೆ. ಮುಂದಿನ ತಿಂಗಳು ಗುಂಪು ಸೇರಿದವರಿಗೆ ಅಂಥದ್ದೊಂದು ಇತ್ತೆಂದೂ ಗೊತ್ತಾಗುವುದಿಲ್ಲ.

2014ರ ಜೂನ್ 30ರಂದು ಗೂಗಲ್ ಸೂಚನೆ ಕೊಟ್ಟು, ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. ಅವರವರ ಫೋಟೊ, ಸ್ಕ್ರಾಪ್‌ಗಳನ್ನು ಇಳಿಸಿಕೊಳ್ಳಲು 2016ರವರೆಗೆ ಅವಕಾಶವಿತ್ತು. ಸಾರ್ವಜನಿಕ ಕಮ್ಯೂನಿಟಿಗಳ ಸಂಗ್ರಹವನ್ನು ಓದಲು ಇಟ್ಟಿದ್ದರು, ಕೆಲ ವರ್ಷಗಳಲ್ಲಿ ಅದೂ ಹೋಯಿತು. ಇದರ ಪಕ್ಕದಲ್ಲಿ ಜಿಯೋಸಿಟೀಸ್ ಕಥೆ ಇಟ್ಟು ನೋಡಬೇಕು. ಜನ ತಮ್ಮ ಮೊದಲ ವೆಬ್ ಪುಟಗಳನ್ನು ಕಟ್ಟಿದ್ದ ಆ ತಾಣವನ್ನು 2009ರ ಅಕ್ಟೋಬರ್‌ನಲ್ಲಿ ಯಾಹೂ ಮುಚ್ಚುವ ಮುನ್ನ, ಜೇಸನ್ ಸ್ಕಾಟ್ ಮತ್ತು ಮುಚ್ಚುವ ತಾಣಗಳನ್ನು ಕಾಪಿಡುವ ಆರ್ಕೈವ್ ಟೀಮ್‌ನ ಸ್ವಯಂಸೇವಕರು ಹಗಲು ರಾತ್ರಿ ನಕಲು ಮಾಡಿ ದೊಡ್ಡದೊಂದು ಪಾಲನ್ನು ಉಳಿಸಿದರು. ಆ ಪುಟಗಳು ಎಲ್ಲರಿಗೂ ತೆರೆದಿದ್ದವು, ಹಾಗಾಗಿ ಕೆಲಸ ಸಾಧ್ಯವಾಯಿತು. ಆರ್ಕುಟ್ ನಡೆಯುತ್ತಿದ್ದಷ್ಟು ಕಾಲ ಇದ್ದದ್ದು ಲಾಗಿನ್‌ನ ಒಳಗೆ.

ಅಚ್ಚಾದ ಬರಹವನ್ನು ಉಳಿಸಲು ಕಾನೂನೇ ಇದೆ. 1954ರ ಕೇಂದ್ರ ಕಾಯ್ದೆಯಂತೆ ನಮ್ಮಲ್ಲಿ ಪುಸ್ತಕ ಪ್ರಕಟಿಸಿದವರು ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. 1956ರಲ್ಲಿ ಪತ್ರಿಕೆಗಳೂ ಅದರೊಳಗೆ ಬಂದವು. ಜಾಲತಾಣಗಳು ಅದರಲ್ಲಿಲ್ಲ. ಬ್ರಿಟನ್ 2013ರಿಂದ ತನ್ನ ನಾಡಿನ ವೆಬ್ ಪುಟಗಳನ್ನು ಕಾನೂನಿನ ಬಲದಿಂದಲೇ ಗ್ರಂಥಾಲಯಕ್ಕೆ ಸೇರಿಸುತ್ತಿದೆ. ಸಣ್ಣ ಊರಿನ ಮುದ್ರಣಾಲಯವೊಂದು 1960ರಲ್ಲಿ ಅಚ್ಚು ಹಾಕಿದ ಕೀರ್ತನೆಗಳ ಪುಸ್ತಕಕ್ಕೆ ಸಿಗುವ ರಕ್ಷಣೆ, 2006ರ ಕನ್ನಡದ ಹುಡುಗ ಹುಡುಗಿಯರು ಬರೆದುದಕ್ಕೆ ಸಿಗಲಿಲ್ಲ. ಕನ್ನಡಿಗರು ಅಂತರಜಾಲದಲ್ಲಿ ಮೊದಲು ಹೇಗೆ ಮಾತಾಡಿದರು ಎಂದು ನಾಳೆ ಯಾರಾದರೂ ಪಿಎಚ್.ಡಿ. ಮಾಡಹೊರಟರೆ ಅವರ ಕೈಗೆ ಕೊಡಲು ನಮ್ಮ ಗ್ರಂಥಾಲಯಗಳಲ್ಲಿ ಒಂದು ಕಪಾಟೂ ಇಲ್ಲ.

ನನ್ನ ಗೆಳೆಯರಲ್ಲಿ ಕೆಲವರು ತಮಗಿಷ್ಟವಾದ ಚರ್ಚೆಗಳ ಪುಟಗಳನ್ನು ಆಗಲೇ ಸೇವ್ ಮಾಡಿಟ್ಟುಕೊಂಡಿದ್ದರು. ಅವು ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ, ಗೀರು ಬಿದ್ದ ಸಿ.ಡಿ.ಗಳಲ್ಲಿ ಇನ್ನೂ ಇವೆ. ಬರೆದವರ ಹೆಸರು ಮರೆಮಾಡಿ, ಇಂಥವನ್ನು ಕೇಳಿ ಪಡೆದು ಒಪ್ಪವಾಗಿ ಇಡುವ ಕೆಲಸವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವೋ ಕೈಗೆತ್ತಿಕೊಳ್ಳಬೇಕು. ಹಾರ್ಡ್ ಡಿಸ್ಕ್‌ಗಳ ಆಯಸ್ಸು ಹೆಚ್ಚಿಲ್ಲವಾದ್ದರಿಂದ ಈ ವರ್ಷವೇ ಶುರು ಮಾಡಬೇಕು.